ಎಡಚನ ಹಿಂಗತ್ತು

ಊರಿನ ಅರ್ಧ ಗಂಡಸರ ತಲೆಗಳನ್ನು ಒಪ್ಪ ಮಾಡಿ ಕಳಿಸುತ್ತಿದ್ದ ಮನುಷ್ಯನ ಸ್ವಂತ ಹಿಂಗತ್ತು ಮಾತ್ರ ನೋಡುವ ಹಾಗಿರಲಿಲ್ಲ. ಎಡಗಿವಿಯ ಹತ್ತಿರ ಕೂದಲು ಮೇಲೇರಿರುತ್ತಿತ್ತು, ಬಲಗಿವಿಯ ಹತ್ತಿರ ಕೆಳಗಿಳಿದಿರುತ್ತಿತ್ತು. ನಡುವೆ ಆಡು ಮೇಯ್ದ ಬೇಲಿಯಂತೆ ಅಲ್ಲೊಂದು ಇಲ್ಲೊಂದು ಕುಚ್ಚು. ಕಾರಣವೇನೂ ಗುಟ್ಟಲ್ಲ. ತನ್ನ ಕೂದಲನ್ನು ಅವನು ತಾನೇ ಕತ್ತರಿಸಿಕೊಳ್ಳುತ್ತಿದ್ದ. ಗೋಡೆಯ ದೊಡ್ಡ ಕನ್ನಡಿಗೆ ಬೆನ್ನು ಕೊಟ್ಟು ಕೂತು, ಬಲಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ಎಡಗೈಯಲ್ಲಿ ಕತ್ತರಿ ಆಡಿಸುತ್ತಿದ್ದ. ಎರಡು ಕನ್ನಡಿಗಳ ನಡುವೆ ಕತ್ತು ತಪ್ಪಿಸಿಕೊಂಡು ಓಡಾಡುತ್ತಿತ್ತು, ಕತ್ತರಿ ಅದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು.

ಎಡಗೈಯಲ್ಲೇ ಎಲ್ಲ ಕೆಲಸ ಮಾಡುತ್ತಿದ್ದುದರಿಂದ ಊರಿಗೆಲ್ಲ ಅವನು ಎಡಚ. ಆ ಹೆಸರಿನ ಬಗ್ಗೆ ಅವನಿಗೆ ಬೇಸರವಿರಲಿಲ್ಲ. ಎದುರು ಅಂಗಡಿಯ ದರ್ಜಿ ಮಾತ್ರ ದಿನಕ್ಕೊಂದು ಸಲವಾದರೂ ಅವನ ಕಾಲೆಳೆಯದೆ ಬಿಡುತ್ತಿರಲಿಲ್ಲ.

"ಅಲ್ಲಯ್ಯ, ನಿನ್ನ ಕತ್ತು ನೋಡಿದ ಮೇಲೂ ಜನ ನಿನಗೆ ತಲೆ ಕೊಡ್ತಾರಲ್ಲ, ಅವರ ಧೈರ್ಯ ಮೆಚ್ಚಬೇಕು."

"ಗಿರಾಕಿ ಬರೋದು ಮುಂದಿನ ಬಾಗಿಲಿಂದ. ನೀವ್ಯಾಕೆ ಹಿಂದೆ ಬಂದು ನೋಡ್ತೀರಿ?" ಎಂದು ಎಡಚ ನಗುತ್ತಿದ್ದ.

ಬೇರೆ ಕ್ಷೌರದಂಗಡಿಗಳು ಇರಲಿಲ್ಲವೆಂದಲ್ಲ. ಬಸ್ ನಿಲ್ದಾಣದ ಆಚೆ ಒಂದಿತ್ತು, ಮಾರ್ಕೆಟ್ಟಿನ ಒಳಗೆ ಇನ್ನೊಂದು. ಆದರೆ ಇನ್ನೊಬ್ಬನ ಮುಂದೆ ತಲೆ ತಗ್ಗಿಸಿ ಕೂರುವುದು ಅವನಿಂದ ಆಗುತ್ತಿರಲಿಲ್ಲ. ಚಿಕ್ಕಂದಿನಿಂದ ಅವನ ಕತ್ತಿಗೆ ಕತ್ತರಿ ಇಟ್ಟಿದ್ದು ಒಬ್ಬನೇ, ಅವನ ಅಣ್ಣ. ಇಬ್ಬರೂ ಸೇರಿ ನಡೆಸುತ್ತಿದ್ದ ಅಂಗಡಿಯನ್ನು ಅಣ್ಣ ಬಿಟ್ಟುಹೋದ ಮೇಲೆ ಎಡಚನ ಹಿಂಗತ್ತು ಅನಾಥವಾಯಿತು.

ಅಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು. ಕಿಟಕಿಯ ಪಕ್ಕದ್ದು ಅಣ್ಣನದು. ಅದನ್ನು ಎಡಚ ದಿನಾ ಬೆಳಿಗ್ಗೆ ಒರೆಸುತ್ತಿದ್ದ, ತಲೆ ಆನಿಸುವ ಹಲಗೆಗೆ ಎಣ್ಣೆ ಹಾಕುತ್ತಿದ್ದ, ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಅಂಗಡಿ ತುಂಬಿ ಜನ ಹೊರಗೆ ನಿಂತಿದ್ದರೂ ಕುರ್ಚಿ ಖಾಲಿ. ಹೊಸಬ ಯಾರಾದರೂ ಹೋಗಿ ಕೂತರೆ, "ಅದರ ಕಾಲು ಸ್ವಲ್ಪ ಅಲ್ಲಾಡುತ್ತೆ, ಈ ಕಡೆ ಬನ್ನಿ" ಎನ್ನುತ್ತಿದ್ದ. ಕುರ್ಚಿಯ ಕಾಲು ಗಟ್ಟಿಯಾಗಿಯೇ ಇತ್ತು. ಅಲ್ಲಾಡುತ್ತಿದ್ದುದು ಹೇಳುವವನ ದನಿ.

ಇನ್ನೊಂದು ವಿಚಿತ್ರವನ್ನೂ ಊರು ಗಮನಿಸಿತ್ತು. ಭಾನುವಾರ ಎಡಚ ಹೆಂಡತಿಯ ಜೊತೆ ತಪ್ಪದೆ ಚರ್ಚಿಗೆ ಬರುತ್ತಿದ್ದ. ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಹಾಡುತ್ತಿದ್ದ, ಪಾದ್ರಿಗಳ ಪ್ರಸಂಗ ಕೇಳುತ್ತಿದ್ದ. ಪಾದ್ರಿಗಳು ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮೇಜಿನ ಕಡೆ ಹೆಜ್ಜೆ ಇಟ್ಟರೋ ಇಲ್ಲವೋ, ಇವನು ಮೆಲ್ಲಗೆ ಎದ್ದು ಹೊರಗೆ. ಹೆಂಡತಿ ಒಬ್ಬಳೇ ಮುಂದೆ ಹೋಗಿ ಮಂಡಿಯೂರುತ್ತಿದ್ದಳು. ಕೇಳಿದರೆ, "ಅಂಗಡಿ ತೆರೀಬೇಕಲ್ಲ, ಭಾನುವಾರ ಗಿರಾಕಿ ಜಾಸ್ತಿ" ಎನ್ನುತ್ತಿದ್ದ. ಜನ ನಂಬಿದರು. ದುಡಿಯುವವನ ಮೇಲೆ ಜನ ಬೇಗ ನಂಬಿಕೆ ಇಡುತ್ತಾರೆ. ಚರ್ಚಿನ ಬಾಗಿಲು ದಾಟುವಾಗ ಅವನು ಗಂಟೆಯ ಹಗ್ಗದ ಪಕ್ಕದಲ್ಲಿ ನಿಂತ ಮನುಷ್ಯನನ್ನು ನೋಡದ ಹಾಗೆ ಹೋಗುತ್ತಿದ್ದ. ಆ ಮನುಷ್ಯ ಅವನ ಅಣ್ಣ.

ನಡೆದದ್ದು ಇಷ್ಟು. ಎಡಚನಿಗೆ ಮದುವೆ ಗೊತ್ತಾಗಿದ್ದ ದಿನಗಳು. ಹುಡುಗಿಯ ತಂದೆ ರೈಲ್ವೆಯಲ್ಲಿ ಗಾರ್ಡ್. ಹಸಿರು ಬಾವುಟ ಬೀಸಿ ಬೀಸಿ ಅವರಿಗೆ ಜಗತ್ತೇ ತಮ್ಮ ಅಪ್ಪಣೆಯಿಂದ ಹೊರಡುತ್ತದೆ ಎಂಬ ಭಾವನೆ ಬಂದುಬಿಟ್ಟಿತ್ತು. ಸುಳ್ಳು ಹೇಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ತಡವಾಗಿ ಬರುವವರನ್ನು ಕಂಡರೂ ಅಷ್ಟೆ. ಒಂದು ಮಧ್ಯಾಹ್ನ ಅಳಿಯನಾಗುವವನ ಅಂಗಡಿ ಹೇಗಿದೆ ನೋಡೋಣವೆಂದು ಹೇಳದೆ ಕೇಳದೆ ಬಂದರು. ಬಂದವರು ಶೇವಿಂಗಿಗೆ ಕೂತರು. ಕೂತದ್ದು ಅಣ್ಣನ ಕುರ್ಚಿಯಲ್ಲಿ. ಇಬ್ಬರಲ್ಲಿ ಕೈ ಪಳಗಿದವನು ಅಣ್ಣನೇ.

ಅಣ್ಣನದೊಂದು ಪದ್ಧತಿಯಿತ್ತು. ಮುಖಕ್ಕೆ ನೊರೆ ಹಚ್ಚಿದ ಮೇಲೆ ಬಿಸಿ ಟವೆಲ್ಲನ್ನು ಮಡಚಿ ಗಿರಾಕಿಯ ಕಣ್ಣಿನ ಮೇಲೆ ಇಡುತ್ತಿದ್ದ. ಕೆಲಸ ಮುಗಿಯುವಷ್ಟರಲ್ಲಿ ಗಿರಾಕಿ ಸಣ್ಣದೊಂದು ನಿದ್ದೆ ತೆಗೆದಿರುತ್ತಿದ್ದ. ಗಾರ್ಡ್ ಸಾಹೇಬರೂ ಗೊರಕೆಯ ಹೊಸಿಲಿಗೆ ಬಂದಿದ್ದರು. ಅರ್ಧ ಮುಖ ಆಗಿತ್ತು. ಹಿಂದಿನ ಕೋಣೆಯಲ್ಲಿ ಸ್ಟವ್ ಮೇಲಿನ ನೀರು ಉಕ್ಕಿದ ಸದ್ದಾಯಿತು. ಅಣ್ಣ ಕತ್ತಿಯನ್ನು ತಟ್ಟೆಯಲ್ಲಿಟ್ಟು ಒಳಗೆ ಹೋದ.

ಎಡಚನಿಗೆ ಆಗ ಒಂದು ಆಸೆ ಹುಟ್ಟಿತು. ಮಿಕ್ಕ ಅರ್ಧವನ್ನು ತಾನೇ ಮಾಡಿ, ಕೊನೆಗೆ ಟವೆಲ್ ತೆಗೆದು, "ಹೇಗಿದೆ ಮಾವ, ಇದು ನನ್ನ ಕೈ" ಎನ್ನಬೇಕು. ಅಷ್ಟೇ. ಇದಕ್ಕಿಂತ ದೊಡ್ಡ ದುರುದ್ದೇಶವೇನೂ ಅವನಿಗಿರಲಿಲ್ಲ. ಕತ್ತಿ ತೆಗೆದುಕೊಂಡ. ಬಲಗೈ ಹೆಬ್ಬೆರಳಿನಿಂದ ಕೆನ್ನೆ ಎಳೆದು ಹಿಡಿದು ಎಡಗೈಯಿಂದ ಕತ್ತಿ ಆಡಿಸಿದ. ಅಂಚಿನಲ್ಲಿದ್ದ ಗೊರಕೆ ಆ ಗಳಿಗೆಯಲ್ಲೇ ಹೊರಬಿತ್ತು, ಗದ್ದ ಅದುರಿತು, ಕತ್ತಿ ಕೆನ್ನೆಯೊಳಗೆ ಆಳವಾಗಿ ಇಳಿಯಿತು.

ಬಿಳಿ ನೊರೆಯೊಳಗಿಂದ ಕೆಂಪು ಬಂದದ್ದನ್ನು ನೋಡಿದ ಎಡಚ, ಯೋಚನೆ ಎಂಬುದು ಬರುವ ಮುಂಚೆಯೇ, ಕತ್ತಿಯನ್ನು ಅಣ್ಣನ ತಟ್ಟೆಯಲ್ಲಿಟ್ಟು ತನ್ನ ಕುರ್ಚಿಯ ಹಿಂದೆ ಹೋಗಿ ನಿಂತು ಬಾಚಣಿಗೆ ಒರೆಸತೊಡಗಿದ. ಚೀರಿದ ಸದ್ದಿಗೆ ಓಡಿಬಂದ ಅಣ್ಣ ಗಾಯವನ್ನು ಅದುಮಿ ಹಿಡಿದ. ಗಾರ್ಡ್ ಸಾಹೇಬರು ಟವೆಲ್ ಕಿತ್ತೆಸೆದು ಕಣ್ಣು ಬಿಟ್ಟಾಗ ಎದುರಿಗಿದ್ದವನು ಅಣ್ಣ, ಅವನ ಬೆರಳ ತುಂಬ ರಕ್ತ. ಅಣ್ಣ ಒಮ್ಮೆ ತಿರುಗಿ ತಮ್ಮನ ಮುಖ ನೋಡಿದ. ಆಮೇಲೆ, "ತಪ್ಪಾಯ್ತು ಯಜಮಾನ್ರೇ, ಕೈ ನಡುಗಿಬಿಡ್ತು" ಎಂದ.

ಎಡಚ ಬಾಚಣಿಗೆ ಒರೆಸುತ್ತಲೇ ಇದ್ದ.

ಗಾರ್ಡ್ ಸಾಹೇಬರು ಮದುವೆಯನ್ನೇನೂ ಮುರಿಯಲಿಲ್ಲ, ತಪ್ಪು ಅಳಿಯನದಲ್ಲವಲ್ಲ. ಆದರೆ ಕೆನ್ನೆಯ ಮೇಲಿನ ಗಾಯದ ಗುರುತನ್ನು ತೋರಿಸಿ, ಆ ದೊಡ್ಡವನ ಕೈ ನಡುಗುತ್ತೆ, ಅವನಿಗೆ ಕುತ್ತಿಗೆ ಕೊಡಬೇಡಿ ಎಂದು ಮನೆಮನೆಗೆ ಹೇಳಿ ಬಂದರು. ಅವರು ಸುಳ್ಳು ಹೇಳದ ಮನುಷ್ಯ, ಆದ್ದರಿಂದ ಊರು ಪೂರಾ ನಂಬಿತು. ಕಿಟಕಿ ಪಕ್ಕದ ಕುರ್ಚಿಗೆ ಒಬ್ಬೊಬ್ಬರೇ ಬರುವುದು ಬಿಟ್ಟರು. ಎಡಚನ ಮದುವೆಯಾದ ಮೇಲೆ ಅಣ್ಣ ಒಂದು ದಿನ ಅಂಗಡಿಯ ಬೀಗದ ಕೈ ತಮ್ಮನಿಗೆ ಕೊಟ್ಟು ಚರ್ಚಿನಲ್ಲಿ ಕಸ ಗುಡಿಸುವ, ಗಂಟೆ ಬಾರಿಸುವ ಕೆಲಸಕ್ಕೆ ಸೇರಿಕೊಂಡ. ಅವನ ಹೆಂಡತಿ ಮೊದಲೇ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಚರ್ಚಿನ ಹಿಂದಿನ ಒಂದು ಕೋಣೆ ಸಾಕಾಯಿತು. ನಾನು ಮಾಡಿದ್ದು ಎಂದು ತಮ್ಮ ಹೇಳಲಿಲ್ಲ. ನೀನು ಮಾಡಿದ್ದು ಎಂದು ಅಣ್ಣನೂ ಹೇಳಲಿಲ್ಲ. ಎದುರುಬದುರಾದರೆ "ಊಟ ಆಯ್ತಾ", "ಆಯ್ತು". ವರ್ಷಗಳು ಹೀಗೇ ಹೋದವು.

ಎಡಚ ಕೆಟ್ಟವನಾಗಿದ್ದರೆ ಸುಖವಾಗಿ ಇದ್ದುಬಿಡುತ್ತಿದ್ದ. ಅವನ ತೊಂದರೆ ಏನೆಂದರೆ ಅವನು ಒಳ್ಳೆಯವನು. ಅಂಗಡಿಗೆ ರಜೆಯಿರುವ ಸೋಮವಾರ ಪೆಟ್ಟಿಗೆ ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದ, ಹಾಸಿಗೆ ಹಿಡಿದವರ ಕೂದಲು ಕತ್ತರಿಸುತ್ತಿದ್ದ. ಅಲ್ಲಿಂದ ವೃದ್ಧಾಶ್ರಮಕ್ಕೆ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಎಡಚನಂಥ ದೇವರಂಥ ಮನುಷ್ಯ ಇಲ್ಲ ಎಂದು ಜನ ಹೊಗಳಿದರೆ ಅವನು ಪೆಟ್ಟಿಗೆ ಮುಚ್ಚಿ ಬೇಗ ಹೊರಟುಬಿಡುತ್ತಿದ್ದ. ಹೊಗಳಿದಷ್ಟೂ ಮುಂದಿನ ಸೋಮವಾರ ಇನ್ನೂ ನಾಲ್ಕು ತಲೆ ಹೆಚ್ಚು ಮಾಡುತ್ತಿದ್ದ.

ಒಮ್ಮೆ ಪಾದ್ರಿಗಳು ಕೂದಲು ಕತ್ತರಿಸಿಕೊಳ್ಳಲು ಬಂದಿದ್ದರು. ಗಿರಾಕಿಯ ಬೆನ್ನ ಹಿಂದೆ ನಿಂತಾಗ ಮಾತು ಸುಲಭ. ಎಡಚ ಕತ್ತರಿ ಆಡಿಸುತ್ತ ಕೇಳಿದ.

"ಅಯ್ಯನವರೇ, ಯಾರೋ ಒಬ್ಬ ಒಂದು ತಪ್ಪು ಮಾಡ್ದ ಅಂದ್ಕೊಳ್ಳಿ. ಆಮೇಲೆ ಜೀವನಪೂರ್ತಿ ಒಳ್ಳೇದೇ ಮಾಡ್ದ. ತಪ್ಪು ಅಳಿಸಿಹೋಗಲ್ವಾ?"

"ಹೋದ ತಿಂಗಳು ನನ್ನ ತಲೆ ಎಷ್ಟು ಚೆನ್ನಾಗಿ ಮಾಡಿದ್ದೆ ನೀನು," ಎಂದರು ಪಾದ್ರಿಗಳು. "ಮತ್ತೆ ನಾನ್ಯಾಕೆ ಬಂದೆ ಹೇಳು?"

"ಬೆಳೀತು, ಬಂದ್ರಿ."

"ಬೇರು ಒಳಗಿದೆ. ಮೇಲೆ ಎಷ್ಟು ಕತ್ತರಿಸಿದ್ರೂ ಬರ್ತಾನೇ ಇರುತ್ತೆ. ಪಾಪ ಅಂದ್ರೆ ಮಾಡಿದ ಕೆಲಸ ಒಂದೇ ಅಲ್ಲಪ್ಪ, ಅದನ್ನ ಮಾಡಿಸಿದ್ದು ಏನಿದೆಯಲ್ಲ ಒಳಗೆ, ಅದು. ಅದನ್ನ ನಮ್ಮ ಕೈಯಿಂದ ನಾವೇ ಕೀಳೋಕಾಗಿದ್ದಿದ್ರೆ ದೇವರು ಶಿಲುಬೆವರೆಗೂ ಬರಬೇಕಾಗಿರಲಿಲ್ಲ." ಕನ್ನಡಿಯಲ್ಲಿ ಅವನನ್ನು ನೋಡಿ, "ಅದಕ್ಕೇ ನಿನ್ನ ಅಂಗಡೀನೂ ನಡೀತಿದೆ, ನನ್ನದೂ" ಎಂದು ನಕ್ಕರು.

ಎಡಚನೂ ನಕ್ಕ. ಆದರೆ ಆ ದಿನ ಪಾದ್ರಿಗಳ ತಲೆಯ ಹಿಂದೆ ಕತ್ತರಿ ಬಹಳ ಹೊತ್ತು ಗಾಳಿಯಲ್ಲೇ ಕಿಚಕಿಚ ಎನ್ನುತ್ತಿತ್ತು.

ಹೀಗಿರುವಾಗ ಗಾರ್ಡ್ ಮಾವ ಹಾಸಿಗೆ ಹಿಡಿದರು. ಮಗಳು ಅವರನ್ನು ತನ್ನ ಮನೆಗೇ ಕರೆತಂದಳು. ನಡುಮನೆಯ ಕಿಟಕಿಯ ಬಳಿ ಮಂಚ ಹಾಕಿದರು. ಎದೆಯಲ್ಲಿ ನೀರು ತುಂಬಿಕೊಂಡಿತ್ತು, ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಬಾಗಿಲಾಚೆ ಕರೆದು ಹೇಳಿದ್ದರು. ಗಾಯವಾದ ಆ ದಿನದಿಂದ ಮಾವ ಇನ್ನೊಬ್ಬರ ಕ್ಷೌರದ ಕತ್ತಿಗೆ ಮುಖ ಕೊಟ್ಟವರಲ್ಲ, ತಮ್ಮ ಗಡ್ಡ ತಾವೇ ಕೆರೆದುಕೊಳ್ಳುತ್ತಿದ್ದರು. ಈಗ ಕೈ ಮೇಲೇಳುತ್ತಿರಲಿಲ್ಲ. ಬಿಳಿ ಗಡ್ಡ ಬೆಳೆದು ತುರಿಕೆ ಹಿಡಿದಿತ್ತು. ಒಂದು ಶನಿವಾರ ಬೆಳಿಗ್ಗೆ ಅವರೇ ಸೋತು, "ಅಳಿಯಂದ್ರೇ, ನೀವೇ ಒಂದು ಕೈ ನೋಡಿ" ಎಂದರು.

ಎಡಚ ಪೆಟ್ಟಿಗೆ ತಂದ. ದಿಂಬು ಏರಿಸಿ ಕೂರಿಸಿ ನೊರೆ ಹಚ್ಚಿದ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಟವೆಲ್ಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಮಡಚಿ ಅವರ ಕಣ್ಣಿನ ಮೇಲಿಟ್ಟ. ಅಣ್ಣನಿಂದ ಕಲಿತ ಅಭ್ಯಾಸ, ಕೈ ತಾನಾಗಿಯೇ ಮಾಡಿತು. ಒಂದು ಕಡೆಯ ಕೆನ್ನೆ ಸಲೀಸಾಗಿ ಆಯಿತು. ಇನ್ನೊಂದು ಕಡೆ ತಿರುಗಿಸಿ, ಬಲಗೈ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದು, ಹಳೆಯ ಗಾಯದ ಗುರುತಿನ ಹತ್ತಿರ ಕತ್ತಿ ತಂದ. ಮಾವನ ಕೈ ಹೊದಿಕೆಯಿಂದ ಹೊರಬಂದು ಆ ಹೆಬ್ಬೆರಳಿನ ಮೇಲೆ ಕೂತಿತು.

"ಅವತ್ತೂ ಹೆಬ್ಬೆರಳು ಈ ಕಡೆಯಿಂದಲೇ ಬಂದಿತ್ತು," ಎಂದರು ಮಾವ. ಟವೆಲ್ ಕಣ್ಣಿನ ಮೇಲೆಯೇ ಇತ್ತು. "ಬಲಗೈಯವನ ಹೆಬ್ಬೆರಳು ಈ ಕಡೆಯಿಂದ ಬರಲ್ಲ. ಅವತ್ತು ನೀನೇನಾ?"

ಎಡಚನ ನಾಲಿಗೆಯ ತುದಿಗೆ "ಏನು ಮಾವ, ಯಾವತ್ತು?" ಎಂಬ ಮಾತು ಬಂದು ಕೂತಿತ್ತು. ಎಷ್ಟೋ ವರ್ಷಗಳಿಂದ ಮಸೆದು ಇಟ್ಟುಕೊಂಡಿದ್ದ ಮಾತು ಅದು. ಹೇಳಿದ್ದರೆ ಮುಗಿದುಹೋಗುತ್ತಿತ್ತು, ಸಾಯುವ ಮುದುಕ, ಏನೋ ಬಡಬಡಿಸಿದ ಎನ್ನಬಹುದಿತ್ತು. ಆದರೆ ತನ್ನ ಹೆಬ್ಬೆರಳ ಮೇಲೆ ಕೂತಿದ್ದ ಆ ಕೈಯಲ್ಲಿ ಕೋಪವಿರಲಿಲ್ಲ. ಬಿಸಿಯಾಗಿ, ಹಗುರಾಗಿ ಇತ್ತು.

"ಹೌದು ಮಾವ. ನಾನೇ."

ಹಿಂದೆ ಪಾತ್ರೆಯ ಸದ್ದಾಯಿತು. ಬಿಸಿನೀರು ತಂದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಮಾವ ಟವೆಲ್ ಸರಿಸಿ ಚಾವಣಿ ನೋಡಿದರು. ಬೈಯಬಹುದೆಂದು ಎಡಚ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಆದರೆ ಮುದುಕರ ಕಣ್ಣಿಂದ ನೀರು ಇಳಿದು ನೊರೆಯಲ್ಲಿ ಸೇರಿತು.

"ಜೀವನದಲ್ಲಿ ಒಂದು ಸುಳ್ಳು ಹೇಳಿಲ್ಲ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ದೆ," ಎಂದರು. "ದೇವರ ಮುಂದೆ ಹೋಗಿ ನಿಂತಾಗ ಅದನ್ನೇ ಹೇಳೋಣ ಅಂತಿದ್ದೆ. ನೋಡಿದ್ರೆ ಅತಿ ದೊಡ್ಡ ಸುಳ್ಳನ್ನ ಮನೆಮನೆಗೆ ಹಂಚಿದವನು ನಾನೇ. ಅವನ ಅನ್ನ ಕಿತ್ಕೊಂಡೆ. ನಿನ್ನ ಕೈ ಜಾರ್ತು, ನನ್ನ ಬಾಯಿ ಜಾರ್ತು. ಇಬ್ಬರೂ ಸೇರಿ ಒಬ್ಬನ್ನ ಮುಗಿಸಿದ್ವಿ."

ಎಡಚ ಕತ್ತಿ ಎತ್ತಿಕೊಂಡು ಮಿಕ್ಕ ಅರ್ಧ ಮುಗಿಸಲು ಹೋದ. ಮಾವ ತಲೆ ಆಚೆ ತಿರುಗಿಸಿದರು.

"ಬೇಡ. ಅವತ್ತು ನಿಮ್ಮಣ್ಣ ಅರ್ಧಕ್ಕೆ ಬಿಟ್ಟಿದ್ದ, ಅವನೇ ಬಂದು ಮುಗಿಸಲಿ. ಅವನ ಕೈ ಹಿಡ್ಕೊಂಡು ತಪ್ಪಾಯ್ತು ಅನ್ಬೇಕು ನಾನು. ಬರಲಿಲ್ಲ ಅಂದ್ರೆ ಅರ್ಧ ಗಡ್ಡದಲ್ಲೇ ಮೇಲಕ್ಕೆ ಹೋಗ್ತೀನಿ. ಇದೇನಯ್ಯ ಗಾರ್ಡೇ ನಿನ್ನ ಅವತಾರ ಅಂತ ಕೇಳಿದ್ರೆ, ಇದೇ ನನ್ನ ನಿಜವಾದ ಮುಖ ಸ್ವಾಮಿ ಅಂತೀನಿ."

ಹೆಂಡತಿ ಅಡುಗೆಮನೆಗೆ ಹೋಗಿದ್ದಳು. ಅಲ್ಲಿ ಪಾತ್ರೆಗಳು ಒಂದಕ್ಕೊಂದು ಬಡಿದಾಡುತ್ತಿದ್ದವು. ಎಡಚ ಬಾಗಿಲಿಗೆ ಹೋಗಿ ನಿಂತ. ಅವಳು ತಿರುಗಿ ನೋಡಲಿಲ್ಲ.

"ಭಾವ ಈ ಮನೆ ಮುಂದೆ ಎಷ್ಟು ಸಲ ಹಾದುಹೋಗಿದ್ದಾರೆ. ಒಳಗೆ ಬನ್ನಿ ಅಂತ ನಾನು ಒಂದು ದಿನ ಕರೀಲಿಲ್ಲ. ಅಪ್ಪನ ಮುಖ ಕೆಡಿಸಿದವರು ಅಂತ. ನೀವು ಪಕ್ಕದಲ್ಲೇ ನಿಂತಿರ್ತಿದ್ರಿ." ಅವಳು ಕೈಯಲ್ಲಿದ್ದ ತಟ್ಟೆಯನ್ನು ಕುಕ್ಕಿದಳು. "ನಿಮ್ಮ ಮೇಲೆ ಸಿಟ್ಟು ಮಾಡೋಕೆ ನಂಗೆ ಆಮೇಲೆ ಟೈಮ್ ಇದೆ. ಅಪ್ಪನಿಗೆ ಇಲ್ಲ. ಹೋಗಿ ಕರ್ಕೊಂಡು ಬನ್ನಿ. ಅವರಿಲ್ಲದೆ ಬಂದ್ರೆ ನಾನು ಬಾಗಿಲು ತೆಗೆಯಲ್ಲ."

ಚರ್ಚಿಗೆ ಹೋಗುವ ದಾರಿ ಎಡಚನಿಗೆ ಅಷ್ಟು ಉದ್ದವಾಗಿ ಯಾವತ್ತೂ ಕಂಡಿರಲಿಲ್ಲ. ಹೋಗುತ್ತ ಹೋಗುತ್ತ ಮನಸ್ಸಿನಲ್ಲೇ ಸಾಮಾನು ಜೋಡಿಸಿಕೊಂಡ. ಅಂಗಡಿ ಅಣ್ಣನಿಗೆ ಬಿಟ್ಟುಕೊಡುವುದು. ಕುರ್ಚಿ ಹಾಗೇ ಇದೆಯೆಂದು ಹೇಳುವುದು. ಬೋರ್ಡಿನ ಮೇಲೆ ಅವನ ಹೆಸರು ಬರೆಸುವುದು. ಬರಿಗೈಯಲ್ಲಿ ಹೋಗಲು ಅವನಿಗೆ ಧೈರ್ಯವಿರಲಿಲ್ಲ.

ಅಣ್ಣ ಒಳಗೆ ಬೆಂಚುಗಳ ನಡುವೆ ಕೂತು, ಮಾರನೆಯ ದಿನದ ಭೋಜನಕ್ಕೆಂದು ದ್ರಾಕ್ಷಾರಸದ ಸಣ್ಣ ಲೋಟಗಳನ್ನು ಒಂದೊಂದಾಗಿ ಒರೆಸಿ ತಟ್ಟೆಯಲ್ಲಿಡುತ್ತಿದ್ದ. ಈಗ ಮುದುಕನಾಗಿದ್ದ. ಲೋಟ ತಟ್ಟೆಯಲ್ಲಿ ನೆಟ್ಟಗೆ ನಿಲ್ಲುವ ಮೊದಲು ಟಿಣಿಟಿಣಿ ಎನ್ನುತ್ತಿತ್ತು. ಅವತ್ತು ಆಡಿದ ಮಾತು ವಯಸ್ಸಾದ ಮೇಲೆ ನಿಜವಾಗಿತ್ತು, ಕೈ ನಡುಗುತ್ತಿತ್ತು.

"ಊಟ ಆಯ್ತಾ?" ಎಂದ ಅಣ್ಣ, ಎಂದಿನಂತೆ.

ಎಡಚ ಜೋಡಿಸಿಕೊಂಡು ಬಂದಿದ್ದ ಸಾಮಾನೆಲ್ಲ ಬಾಗಿಲಲ್ಲೇ ಬಿದ್ದುಹೋಯಿತು. ಬೆಂಚಿನ ಮೇಲೆ ಕುಸಿದು ಕೂತು, "ಅಣ್ಣ, ಅವತ್ತು ನಾನು ಬಾಚಣಿಗೆ ಒರೆಸ್ತಾ ನಿಂತ್ಕೊಂಡುಬಿಟ್ಟೆ" ಎಂದವನೇ ಅತ್ತ. ಚಿಕ್ಕ ಮಗುವಿನ ಹಾಗೆ, ಮೂಗು ಬಾಯಿ ಒಂದು ಮಾಡಿಕೊಂಡು ಅತ್ತ.

ಅಣ್ಣ ಲೋಟ ಒರೆಸುವ ಬಟ್ಟೆಯನ್ನೇ ಅವನ ಕಡೆ ಚಾಚಿದ. "ಇದು ಒಗೆದಿದ್ದೇ. ಒರೆಸ್ಕೋ."

"ಅಂಗಡಿ ತಗೋ ಅಣ್ಣ. ನಿನ್ನ ಕುರ್ಚಿ ಹಾಗೇ ಇಟ್ಟಿದೀನಿ, ಯಾರನ್ನೂ ಕೂರಿಸಿಲ್ಲ."

"ಈ ಕೈ ಇಟ್ಕೊಂಡು ಅಂಗಡಿ ತಗೊಂಡು ಯಾರ ಕಿವಿ ಕೊಯ್ಲಿ? ಸುಮ್ನಿರು." ಅಣ್ಣ ಅವನ ಪಕ್ಕ ಬಂದು ಕೂತ. "ನಾನೇನು ದೊಡ್ಡ ಸಂತ ಅಂದ್ಕೊಂಡಿದ್ದೀಯಾ? ತಪ್ಪಾಯ್ತು ಅಂತ ಹೇಳೋಕೆ ಒಂದು ಗಳಿಗೆ ಸಾಕು ಕಣೋ. ನಿನ್ನ ಮುಖ ಸುಣ್ಣದ ಗೋಡೆ ಹಾಗೆ ಆಗಿತ್ತು, ಬಾಯಿಗೆ ಬಂತು, ಹೇಳ್ದೆ. ಆಮೇಲೆ ದಿನಾ ಹೊರೋದಿದೆಯಲ್ಲ, ಅದು ಕಷ್ಟ. ಮೊದಲ ವರ್ಷ ನಿನ್ನ ಕಂಡ್ರೆ ಮೈ ಉರೀತಿತ್ತು. ಗಂಟೆ ಹಗ್ಗ ಹಿಡ್ಕೊಂಡ್ರೆ ನಿನ್ನ ಕತ್ತು ಅಂದ್ಕೊಂಡೇ ಎಳೀತಿದ್ದೆ. ಹಗ್ಗ ಕಿತ್ತುಬಂತು. ಅಯ್ಯನವರು ಹೊಸದು ತರಿಸಿದ್ರು, ಅದೂ ಕಿತ್ತುಬಂತು."

ಅಳುವಿನ ನಡುವೆ ಎಡಚನಿಗೆ ನಗು ಬಂದು ಕೆಮ್ಮಾಯಿತು.

"ಆಗ ಗೊತ್ತಾಯ್ತು ನಂಗೆ. ನೀನು ಒಂದು ಸಲ ಕೆನ್ನೆ ಕೊಯ್ದೆ, ಅದೂ ಬೇಕು ಅಂತ ಅಲ್ಲ. ನಾನು ದಿನಾ ಬೇಕು ಅಂತಲೇ ಮನಸ್ಸಲ್ಲಿ ನಿನ್ನ ಕತ್ತು ಕೊಯ್ತಿದ್ದೆ. ಊರವರ ಕಣ್ಣಿಗೆ ನಾನು ಅನ್ಯಾಯ ಆದವನು, ಒಳಗೆ ನೋಡಿದ್ರೆ ಇಷ್ಟು ಕೊಳಕು. ಒಂದು ದಿನ ಇಲ್ಲೇ, ಈ ಲೋಟ ಒರೆಸೋವಾಗ, ಇದು ನನ್ನ ಕೈಲಿ ಆಗಲ್ಲಪ್ಪಾ ಸ್ವಾಮಿ, ನೀನೇ ತೆಗಿ ಅಂದೆ. ನನ್ನ ಹೊರೆ ಒಬ್ಬ ಹೊತ್ತಿದ್ದಾನೆ ಅಂತ ನಂಬಿ ಬದುಕ್ತಿರೋನು ನಾನು. ನಿನ್ನದು ಹೊರಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಹಾಗಿದ್ರೆ ಕ್ಷಮಿಸಿದೀನಿ ಅಂತ ಯಾಕೆ ಹೇಳ್ಲಿಲ್ಲ ಇಷ್ಟು ವರ್ಷ?"

"ನೀನು ಕೇಳ್ಲೇ ಇಲ್ವಲ್ಲೋ. ಪ್ರತಿ ಭಾನುವಾರ ಬಾಗಿಲಲ್ಲಿ ನಿಂತಿರ್ತಿದ್ದೆ. ಎಡಗೈ ಚಾಚಿದ್ರೂ ಕೊಡ್ತಿದ್ದೆ. ನೀನು ನೆಲ ನೋಡ್ಕೊಂಡು ಓಡ್ತಿದ್ದೆ."

 ಎಡಚ ಅಣ್ಣನ ನಡುಗುವ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತ.

ಆ ಮಧ್ಯಾಹ್ನ ಅಣ್ಣ ಮನೆಗೆ ಬಂದಾಗ ಎಡಚನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಏನೇನೋ ಹೇಳಬೇಕೆಂದಿದ್ದವಳು, "ಒಳಗೆ ಬನ್ನಿ ಭಾವ" ಎಂದಷ್ಟೇ ಹೇಳಿದಳು. ಅಷ್ಟು ಹೇಳುವುದರಲ್ಲಿ ಕಣ್ಣು ತುಂಬಿತು.

ಗಾರ್ಡ್ ಮಾವ ಅರ್ಧ ಗಡ್ಡದಲ್ಲೇ ಕಾಯುತ್ತಿದ್ದರು. ಅಣ್ಣನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಡಬೇಕಾದ ಮಾತಿಗೆ ಉಸಿರು ಸಾಲಲಿಲ್ಲ. "ತಪ್ಪಾಯ್ತು ಯಜಮಾನ್ರೇ" ಎಂದರು, ಅವತ್ತು ಅಣ್ಣ ಹೇಳಿದ್ದನ್ನೇ. ಅಣ್ಣ, "ಮೊದಲು ಗಡ್ಡ ಮುಗಿಸೋಣ, ಹೀಗೆ ಬಿಟ್ರೆ ನನ್ನ ಹೆಸರು ಕೆಡುತ್ತೆ" ಎಂದು ಕತ್ತಿ ತೆಗೆದುಕೊಂಡ.

"ಮಾವ, ಅಣ್ಣನ ಕೈ ಈಗ ನಿಜವಾಗ್ಲೂ ನಡುಗುತ್ತೆ," ಎಂದ ಎಡಚ ಗಾಬರಿಯಿಂದ.

"ನಡುಗಲಿ ಬಿಡು," ಎಂದರು ಮಾವ. ತಾವೇ ಕಣ್ಣು ಮುಚ್ಚಿ ಕೆನ್ನೆ ಒಡ್ಡಿದರು.

ಅಣ್ಣ ಅವಸರ ಮಾಡಲಿಲ್ಲ. ಮೊಣಕೈಯನ್ನು ದಿಂಬಿಗೆ ಊರಿ, ಉಸಿರು ಬಿಗಿಹಿಡಿದು, ಒಂದೊಂದು ಎಳೆತಕ್ಕೂ ಕತ್ತಿ ಒರೆಸಿ, ಹಳೆಯ ಗಾಯದ ಗುರುತನ್ನು ಬಳಸಿಕೊಂಡು ಬಂದ. ಒಂದು ಹನಿ ರಕ್ತ ಬರಲಿಲ್ಲ. ಮುಗಿಯುವಷ್ಟರಲ್ಲಿ ಮಾವ ನಿದ್ದೆ ಹೋಗಿದ್ದರು. ಸಣ್ಣಗೆ ಗೊರಕೆ ಕೂಡ ಕೇಳಿಸುತ್ತಿತ್ತು.

ಪೆಟ್ಟಿಗೆ ಮುಚ್ಚುತ್ತಿದ್ದ ಎಡಚನ ಹಿಂದೆ ಅಣ್ಣ ಬಂದು ನಿಂತ. ಹಿಂಗತ್ತಿನ ಕುಚ್ಚುಗಳನ್ನು ಬೆರಳಿನಿಂದ ಎತ್ತಿ ನೋಡಿದ.

"ಇದ್ಯಾವ ಕಸಾಯಿ ಮಾಡಿದ್ದು ನಿನ್ನ ಕತ್ತು?"

"ನಾನೇ ಅಣ್ಣ."

"ಅಂಗಡಿ ಬೀಗದ ಕೈ ತಗೋ, ನಡಿ."

ಆ ಸಂಜೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಎಡಚ ಕೂತ. ಅಣ್ಣ ಅವನ ತಲೆಯ ಮೇಲೆ ಅಂಗೈಯಿಟ್ಟು ಮುಂದಕ್ಕೆ ಬಗ್ಗಿಸಿದ. ಗದ್ದ ಎದೆಗೆ ತಾಗಿತು. ತನ್ನ ಕತ್ತು ತನಗೆ ಕಾಣದು, ಸಣ್ಣ ಕನ್ನಡಿಯಾಗಲಿ ಕತ್ತರಿಯಾಗಲಿ ತನ್ನ ಕೈಯಲ್ಲಿಲ್ಲ. ನಡುಗುವ ಕತ್ತಿಯೊಂದು ಬರಿಗತ್ತಿನ ಮೇಲೆ ಇಳಿಯುತ್ತಿದೆ. ಎಡಚನಿಗೆ ಭಯವಾಗಬೇಕಿತ್ತು, ಆಗಲಿಲ್ಲ. ಎಷ್ಟೋ ಕಾಲದಿಂದ ಹಿಡಿದಿಟ್ಟುಕೊಂಡಿದ್ದ ಭುಜಗಳು ಸಡಿಲವಾದವು. ಕೊನೆಯ ಎಳೆತದಲ್ಲಿ ಸಣ್ಣಗೆ ಚುರುಕ್ಕೆಂದಿತು.

"ಕೊಯ್ತು," ಎಂದ ಅಣ್ಣ. "ಇಷ್ಟು ವರ್ಷ ಹೊತ್ತ ಹೆಸರಿಗೆ ಒಂದಾದ್ರೂ ಗಾಯ ಬೇಕಲ್ಲ."

ಇಬ್ಬರೂ ನಕ್ಕರು. ಅಣ್ಣ ಗಾಯಕ್ಕೆ ಹತ್ತಿ ಅಂಟಿಸಿದ.

ಮಾರನೆಯ ದಿನ ಪಾದ್ರಿಗಳು ಮೇಜಿನ ಕಡೆ ಹೊರಟಾಗ ಎಡಚ ಎದ್ದು ನಿಂತ. ಅಂಗಡಿಗೆ ಹೊರಟ ಎಂದು ಪಕ್ಕದವರು ಅಭ್ಯಾಸದಂತೆ ಕಾಲು ಮಡಚಿ ದಾರಿ ಬಿಟ್ಟರು. ಅವನು ಹೆಂಡತಿಯ ಹಿಂದೆ ಮುಂದಕ್ಕೆ ನಡೆದ. ಸಾಲಿನ ತುದಿಯಲ್ಲಿ ಅಣ್ಣನೂ ಬಂದು ಮಂಡಿಯೂರಿದ. ರೊಟ್ಟಿಯ ತುಂಡು ಹತ್ತಿರ ಬಂದಾಗ ಎಡಚ ಖಾಲಿ ಅಂಗೈಗಳನ್ನು ಚಾಚಿದ. ಪಾದ್ರಿಗಳು ಒಂದು ಗಳಿಗೆ ತಡೆದು, ಬಗ್ಗಿದ ಅವನ ಕತ್ತಿನ ಹಿಂದಿನ ಹತ್ತಿಯನ್ನು ನೋಡಿ, ಕೊಟ್ಟರು. 

ಆ ಭಾನುವಾರ ಅಂಗಡಿ ತಡವಾಗಿ ತೆರೆಯಿತು. ಹೊರಗಿನ ಬೆಂಚಿನಲ್ಲಿ ಜನ ಗೊಣಗುತ್ತ ಕೂತಿದ್ದರು. ಎಲ್ಲರಿಗಿಂತ ಮುಂದೆ ದರ್ಜಿ.

"ಏನಯ್ಯ ಇವತ್ತು, ದೇವರೇ ನಿನ್ನ ಹಿಡಿದು ಕೂರಿಸಿಕೊಂಡನಾ?" ಎಂದವನು, ಬೀಗ ತೆರೆಯಲು ಬಗ್ಗಿದ ಎಡಚನ ಹಿಂಗತ್ತು ನೋಡಿ ಬೆರಗಾದ. "ಅರೆ, ಗೆರೆ ನೆಟ್ಟಗಿದೆ. ಗಾಯ ಬೇರೆ ಆಗಿದೆ. ಯಾರು ಮಾಡಿದ್ದು?"

"ನಮ್ಮಣ್ಣ."

"ಆ ಕೈ ನಡುಗೋನಿಗೆ ಕತ್ತು ಕೊಟ್ಟೆಯಾ? ನಿಮ್ಮ ಮಾವನ ಕೆನ್ನೆ ಸೀಳಿದವನು ಅವನೇ ಅಲ್ವಾ?"

 ಎಡಚ ಬಾಗಿಲು ಪೂರ್ತಿ ತೆರೆದು ತಿರುಗಿ ನಿಂತ.

"ಅಲ್ಲ. ಸೀಳಿದವನು ನಾನು. ಅಣ್ಣ ಒಳಗೆ ನೀರು ತರೋಕೆ ಹೋಗಿದ್ದ. ನಾನು ಕೊಯ್ದೆ, ಅವನ ಮೇಲೆ ಹಾಕಿ ಸುಮ್ಮನೆ ನಿಂ‍ತೆ. ಇಷ್ಟು ವರ್ಷ ಅವನ ಅನ್ನ ನಾನು ತಿಂದೆ."

 ಒಬ್ಬ ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದ. ಇನ್ನೊಬ್ಬನೂ ಅವನ ಹಿಂದೆ ಹೊರಟ. ಎಡಚ ಅವರನ್ನು ತಡೆಯಲಿಲ್ಲ. ಒಳಗೆ ಹೋಗಿ ಕಿಟಕಿ ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಒದರಿದ.

ದರ್ಜಿ ಬಾಗಿಲಲ್ಲೇ ನಿಂತು ಬಹಳ ಹೊತ್ತು ಅವನನ್ನು ನೋಡಿದ. ಆಮೇಲೆ ಒಳಗೆ ಬಂದ.

"ಇದರ ಕಾಲು ಈಗಲೂ ಅಲ್ಲಾಡುತ್ತಾ?"

"ಇಲ್ಲ."

ದರ್ಜಿ ಆ ಕುರ್ಚಿಯಲ್ಲಿ ಕೂತ. ಅಂಗಿಯ ಮೇಲಿನ ಗುಂಡಿ ಬಿಚ್ಚಿದ, ಹಲಗೆಗೆ ತಲೆ ಆನಿಸಿದ, ಕಣ್ಣು ಮುಚ್ಚಿ ಗಂಟಲು ಮೇಲೆ ಮಾಡಿದ.

"ಶೇವಿಂಗ್," ಎಂದ.